ತಣ್ಣೀರಿಗೆ ಬಿಟ್ಟ ಕಲೆ

"ನಾಟಕ ಮಾಡ್ತಿಯೇನಲೇ ಬೋಸುಡಿಮಗನ? ಧೂಳು ಕುಡುದ್ರ ಕೆಮ್ಮು ಬರ್ತೈತಿ. ಸಲಿಕಿ ಹಿಡಿ."

ಗುತ್ತಿಗೆದಾರ ಸಿದ್ದಲಿಂಗೇಶ್ ಹೀಗೆ ಬೈಯುವಾಗ ನನ್ನ ಗಂಡ ಉಚ್ಚೆಂಗಪ್ಪ ಕಬ್ಬಿಣದ ಅದಿರಿನ ಗುಡ್ಡೆಗೆ ಕೈಯೂರಿ ಕೆಮ್ಮುತ್ತಿದ್ದ. ಬಂಡ್ರಿ ಹತ್ತಿರದ ಅದಿರು ರಾಶಿ ಹಾಕುವ ಆ ಪ್ಲಾಟಿನಲ್ಲಿ ಹೆಂಗಸರು ನಾವು ಜರಡಿ ಹಿಡಿಯುತ್ತೇವೆ, ಗಂಡಸರು ಲಾರಿ ತುಂಬುತ್ತಾರೆ. ಅಲ್ಲಿ ನಾಯಿಯೂ ಕೆಂಪು, ಬುತ್ತಿಯ ಅನ್ನವೂ ಕೆಂಪು, ಎಲ್ಲರ ಉಗುಳೂ ಕೆಂಪು. ಹಾಗಾಗಿ ಇವನ ಉಗುಳನ್ನು ಯಾರೂ ಬೇರೆಯಾಗಿ ನೋಡಲಿಲ್ಲ. ಮಗ್ಗುಲಲ್ಲಿ ಮಲಗುವ ನಾನೂ ನೋಡಲಿಲ್ಲ.

ಆ ಸಂಜೆ ಅವನ ಟವೆಲ್ಲು ಒಗೆಯಲು ಕುಳಿತೆ. ಅದಿರಿನ ಕಲೆ ಎಷ್ಟು ಕುಸುಬಿದರೂ ಹೋಗುವುದಿಲ್ಲ. ನಮ್ಮ ಕೇರಿಯಲ್ಲಿ ಬಿಳಿ ಬಟ್ಟೆ ಅಂತ ಒಂದಿಲ್ಲ. ಆದರೆ ಆವತ್ತು ತಣ್ಣೀರಿಗೆ ಅದ್ದಿದ ಕೂಡಲೇ ಕಲೆ ಬಿಟ್ಟುಕೊಂಡಿತು. ಬಕೆಟ್ಟಿನ ನೀರೆಲ್ಲ ಕೆಂಪಾಯಿತು. ಬಟ್ಟೆಯ ಕಲೆ ಹೋಯಿತೆಂದು ಎದೆ ಒಡೆದುಕೊಂಡವಳು ನಾನೊಬ್ಬಳೇ ಇರಬೇಕು.

ಹೊಸಪೇಟೆಯ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ರಕ್ತ ನಿಲ್ಲಲಿಲ್ಲ. ಕೊನೆಗೆ ಡಾಕ್ಟರ್ ಶೈಲಶ್ರೀ ನನ್ನನ್ನು ಪಕ್ಕಕ್ಕೆ ಕರೆದರು.

"ಶ್ವಾಸಕೋಶದ ಒಂದು ಭಾಗ ಉರಿಯೂತ ಆಗಿ ಆಗಿ ಕೆಟ್ಟೈತಮ್ಮ. ಕೊಯ್ದು ತೆಗೀಬೇಕು. ಬಿಟ್ರ, ಒಂದ್ ಸಲ ಜೋರಾಗಿ ರಕ್ತ ಬಂದು ಉಸುರು ಕಟ್ಟತೈತಿ."

"ತೆಗೆದ್ರ ಉಳೀತಾರೇನ್ರಿ?"

ಅವರು ಚೀಟಿ ಬರೆಯತೊಡಗಿದರು. "ಕೊಡಾಕ ರಕ್ತ ಕೈಯಾಗ ಇಟ್ಕಂಡೇ ಸುರು ಮಾಡ್ಬೇಕು. ಯಾವ ಗುಂಪಿಂದು ಕೊಟ್ರೂ ನಡೀತೈತಿ, ಅದರ ಬದಲಿಗೆ ಬ್ಲಡ್ ಬ್ಯಾಂಕಿನಾಗ ಇವ್ರ ಗುಂಪಿಂದು ಸಿಗತೈತಿ. ಸಂಜಿಯೊಳಗ ನಿಮ್ಮ ಕಡೆಯವ್ರನ್ನ ಕರಕಂಬರ್ರಿ."

ಉಚ್ಚೆಂಗಪ್ಪ ಹಾಸಿಗೆಯಿಂದಲೇ ನನ್ನ ಸೆರಗು ಹಿಡಿದುಕೊಂಡ. "ಜಂಬೀ, ಎದಿ ಬಿಚ್ಚಿದ್ರ ವಾಪಸ್ ಮುಚ್ಚತಾರೇನ?"

"ಮುಚ್ಚತಾರ," ಎಂದೆ. ನನಗೇನು ಗೊತ್ತಿತ್ತು? ಸೆರಗು ಬಿಡಿಸಿಕೊಂಡು, ರಕ್ತ ಕೊಡುವವರನ್ನು ಕರೆಯಲು ಪ್ಲಾಟಿಗೆ ಬಂದೆ.

"ಹೋದವ್ರು ತಿರುಗಿ ಕೆಲ್ಸಕ್ಕ ಬರೂದು ಬ್ಯಾಡ," ಎಂದ ಸಿದ್ದಲಿಂಗೇಶ್. ಗಂಡಸರು ತಲೆ ತಗ್ಗಿಸಿ ಲಾರಿ ತುಂಬುತ್ತಲೇ ಇದ್ದರು. ನಮ್ಮ ಕೇರಿಯ ದುರ್ಗಕ್ಕ ಮಾತ್ರ ಜರಡಿ ಬಿಸಾಕಿ ಬಂದಳು, ಅವಳ ಹಿಂದೆ ಇನ್ನೂ ಕೆಲವು ಹೆಂಗಸರು.

ಆಸ್ಪತ್ರೆಯಲ್ಲಿ ನರ್ಸ್ ದುರ್ಗಕ್ಕನಿಂದ ಸುರು ಮಾಡಿ ನಮ್ಮ ಬೆರಳು ಚುಚ್ಚಿ ನೋಡಿದಳು. "ನಿನ್ ಮೈಯಾಗ ರಕ್ತ ಇಲ್ಲಮ್ಮ. ಕಬ್ಬಿಣದಂಶ ಕಮ್ಮಿ." ನನಗೂ ಅದೇ ಮಾತು, ಮುಂದಿನವಳಿಗೂ ಅದೇ; ಒಬ್ಬರ ರಕ್ತವನ್ನೂ ತೆಗೆದುಕೊಳ್ಳಲಿಲ್ಲ.

ದುರ್ಗಕ್ಕ ನಗಲಾರದೆ ನಕ್ಕಳು. "ದಿನಾ ಕಬ್ಬಿಣಾನ ತಿಂತೀವಲ್ಲ ತಾಯಿ."

ನಾವು ಪ್ಲಾಟಿಗೆ ವಾಪಸ್ಸಾದಾಗ ಸಿದ್ದಲಿಂಗೇಶ್ ತನ್ನ ಬಿಳಿ ಕಾರಿನ ಬದಿಯಲ್ಲಿ ನಿಂತಿದ್ದ. ಅವನ ಕೆನ್ನೆಗಳು ತುಂಬಿಕೊಂಡಿದ್ದವು.

"ಧಣಿ, ನಿಮ್ ಮೈಯಾಗ ರಕ್ತ ಭರ್ತಿ ಐತಿ. ಆಸ್ಪತ್ರಿಗೆ ಬರ್ರಿ," ಎಂದೆ.

"ನಮ್ಮನಿ ರಕ್ತ ನಿಮ್ಮ ಕೇರಿ ಮೈಯಾಗ ಹರೀಬೇಕೇನಲೇ, ರಂಡಿ?"

"ಅವ್ನ ರಕ್ತ ನಿಮ್ಮ ಪ್ಲಾಟಿನಾಗ ಬಿದ್ದೈತ್ರಿ. ಅದನ್ನ ತಿರುಗಿ ಕೊಡ್ರಿ, ಅಷ್ಟ."

ಅವನನ್ನು ಕರೆದುಕೊಂಡೇ ಹೋಗಬೇಕೆಂದುಕೊಂಡೆ. ಕಾರಿನ ಬಾಗಿಲು ತೆಗೆದು ಒಳಗೆ ಕುಳಿತೆ. ದುರ್ಗಕ್ಕ ಹತ್ತಿದಳು, ಉಳಿದವರೂ ಹತ್ತಿ ಒಬ್ಬರ ತೊಡೆಯ ಮೇಲೆ ಒಬ್ಬರು ಕುಳಿತರು. ಬಿಳಿ ಸೀಟೆಲ್ಲ ನಮ್ಮ ಬಣ್ಣಕ್ಕೆ ತಿರುಗಿತು. ಅದು ಯಾವ ನೀರಿಗೂ ಬಿಡುವುದಿಲ್ಲ.

"ಇಳೀರಲೇ!" ಸಿದ್ದಲಿಂಗೇಶ್ ಕಿರುಚಿದ. ನಮ್ಮ ರಟ್ಟೆ ಹಿಡಿದು ಎಳೆಯಲು ಬಾಗಿಲವರೆಗೂ ಬಂದ. ನಮ್ಮನ್ನು ಮುಟ್ಟಬೇಕಲ್ಲ, ಅಲ್ಲೇ ಅವನ ಕೈ ನಿಂತಿತು. ಅತ್ತ ಗಂಡಸರ ಸಲಿಕೆಗಳ ಸದ್ದೂ ನಿಂತಿತ್ತು.

ನನ್ನ ಫೋನು ಬಡಿದುಕೊಂಡಿತು. ಆಸ್ಪತ್ರೆಯ ನರ್ಸ್.

"ಜಂಬಕ್ಕ, ಮತ್ತ ರಕ್ತ ಕಕ್ಕಾಕ ಹತ್ಯಾರ. ಎಲ್ಲಿದೀರಿ?"

"ಕಾರಿನಾಗ ಕುಂತೀನ್ರಿ," ಎಂದೆ. "ಗಾಡಿ ಹೊಡಿಯಾವ ಇನ್ನಾ ಹತ್ತವಲ್ಲ."