ವಾಸನೆರಾಯನ ಸೊನ್ನೆ

ಹಣ್ಣು ಬೆಳೆಗಾರರ ಸಂಘದಲ್ಲಿ ಅವನ ಹುದ್ದೆಯ ಹೆಸರು ಉದ್ದ, ಸಂಬಳ ಗಿಡ್ಡ. ಜನ ಕರೆಯುತ್ತಿದ್ದದ್ದು ಮಾತ್ರ ವಾಸನೆರಾಯ ಅಂತ. ಕೆಲಸವೇ ಅಂಥದ್ದು. ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ವಾಸನೆಯನ್ನು ಕಾರ್ಖಾನೆಯಲ್ಲಿ ತಯಾರಿಸಿ, ರಬ್ಬರಿನ ಪುಟ್ಟ ಬಿರಡೆಗೆ ತುಂಬಿ ಕಳಿಸುತ್ತಾರೆ. ಅದನ್ನು ಅಂಟು ಬಳಿದ ರಟ್ಟಿನ ಗೂಡಿನೊಳಗಿಟ್ಟು ಮರಕ್ಕೆ ನೇತುಹಾಕಿದರೆ ಗಂಡು ಪತಂಗಗಳು ಹಿಂದೆಮುಂದೆ ನೋಡದೆ ಬಂದು ಅಂಟಿಗೆ ಬೀಳುತ್ತವೆ. ಎಷ್ಟು ಬಿದ್ದವು ಎಂದು ಎಣಿಸಿ, ಜಾಸ್ತಿ ಬಿದ್ದಿದ್ದರೆ ತೋಟದವರಿಗೆ ಎಚ್ಚರಿಕೆ ಹೇಳುವುದು ಇವನ ಉದ್ಯೋಗ. ಕೈಗೆ, ಅಂಗಿಗೆ, ಸ್ಕೂಟರಿನ ಸೀಟಿಗೆ ಆ ವಾಸನೆ ಹತ್ತಿ ಹೋಗಿತ್ತು. ಮನುಷ್ಯರ ಮೂಗಿಗೆ ಅದು ತಿಳಿಯುವುದಿಲ್ಲ. ಪತಂಗಗಳಿಗೆ ತಿಳಿಯುತ್ತದೆ. ಸಂಜೆ ಅವನು ಎಲ್ಲಿ ನಿಂತರೂ ನಾಲ್ಕಾರು ಬಂದು ತಲೆಯ ಸುತ್ತ ಗಿರಕಿ ಹೊಡೆಯುತ್ತಿದ್ದವು.

"ನಲವತ್ತು ದಾಟ್ತು, ಒಂದು ಹೆಣ್ಣೂ ನನ್ನ ಕಡೆ ತಿರುಗಿ ನೋಡ್ಲಿಲ್ಲ. ಗಂಡುಗಳು ಮಾತ್ರ ತೋಟ ದಾಟಿ ಹುಡುಕ್ಕೊಂಡು ಬರ್ತಾವೆ. ಹಣೆಬರಹ ಅಂದ್ರೆ ಇದೇ ನೋಡಿ" ಎಂದು ಅವನೇ ಹೇಳಿ ಅವನೇ ನಗುತ್ತಿದ್ದ. ಬೇರೆಯವರು ನಗುವ ಮುಂಚೆ ತಾನೇ ನಕ್ಕುಬಿಟ್ಟರೆ ಅರ್ಧ ಅವಮಾನ ಅಲ್ಲೇ ಕಳೆದುಹೋಗುತ್ತದೆ ಎಂಬುದು ಅವನು ಕಷ್ಟಪಟ್ಟು ಕಲಿತ ವಿದ್ಯೆ. ಉಳಿದರ್ಧವನ್ನು ಅಕ್ಕನ ಮನೆಗೆ ಹೊತ್ತು ತರುತ್ತಿದ್ದ.

ಅಕ್ಕನ ಮನೆ ಅಂದರೆ ಅವನ ಮನೆಯೇ. ಅಪ್ಪ ಅಮ್ಮ ಹೋದಾಗ ಇವನಿನ್ನೂ ಚಡ್ಡಿ ಹಾಕುವ ವಯಸ್ಸಿನವನು. ಹೊಸದಾಗಿ ಮದುವೆಯಾದ ಅಕ್ಕ, ಭಾವ ಇಬ್ಬರೂ ಇವನನ್ನು ಕರೆತಂದು ಸಾಕಿದರು. ಭಾವನಿಗೆ ಸೇಬಿನ ತೋಟ, ಅದರ ನಡುವೆ ಮನೆ. ಪತಂಗದ ಮೊಟ್ಟೆಯಿಂದ ಹುಟ್ಟಿ ಕಾಯಿ ಕೊರೆಯುವ ಹುಳಕ್ಕೆ ಅವರು ಆಯಸ್ಸಿಡೀ ಔಷಧಿ ಹೊಡೆದರು, ಮೂಗಿಗೆ ಟವೆಲ್ ಕಟ್ಟಿಕೊಂಡು, ಅದೂ ನೆನಪಿದ್ದ ದಿನ. ಹುಳ ಸಾಯುತ್ತಿತ್ತು, ಜೊತೆಗೆ ಭಾವನ ಶ್ವಾಸಕೋಶವೂ ಅಷ್ಟಷ್ಟೇ ಸಾಯುತ್ತಿತ್ತು. ಕೊನೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹಾಗಾಯಿತು. ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: "ನೀವು ಹೊಡೀಬೇಡಿ, ಬೇರೆಯವರು ಹೊಡೆಯೋವಾಗ ಹತ್ರ ನಿಲ್ಲಲೂಬೇಡಿ. ಉಳಿದಿರೋ ಉಸಿರನ್ನ ಜೋಪಾನ ಮಾಡ್ಕೊಳ್ಳಿ. ಹೋದದ್ದು ವಾಪಸ್ ಬರಲ್ಲ."

ಮನೆಯೇ ತೋಟದೊಳಗಿರುವಾಗ ದೂರ ನಿಲ್ಲುವುದು ಎಲ್ಲಿ? ಮರ ಕಡಿಸಿಬಿಡೋಣ ಎಂದಳು ಅಕ್ಕ. ಭಾವ ಊಟ ಬಿಟ್ಟು ಎದ್ದರು. ಆಗ ನಮ್ಮ ವಾಸನೆರಾಯ ಎದೆ ತಟ್ಟಿ ನಿಂತ. "ಒಂದು ವರ್ಷ ತೋಟ ನನಗೆ ಬಿಡಿ. ಔಷಧಿ ಒಂದು ತೊಟ್ಟೂ ಬೇಡ."

ಅವನ ಉಪಾಯ ಹೀಗಿತ್ತು. ಪ್ರತಿ ಮರಕ್ಕೂ ಹೆಣ್ಣು ಪತಂಗದ ವಾಸನೆ ತುಂಬಿದ ಒಂದೊಂದು ದಾರ ಕಟ್ಟುವುದು. ಇಡೀ ತೋಟ ಹೆಣ್ಣು ಹೆಣ್ಣು ಎಂದು ನಾರುತ್ತಿದ್ದರೆ ನಿಜವಾದ ಹೆಣ್ಣು ಎಲ್ಲಿ ಕೂತಿದ್ದಾಳೆಂದು ಗಂಡಿಗೆ ಗೊತ್ತಾಗುವುದಿಲ್ಲ. ಅಲೆದಲೆದೇ ಸಾಯುತ್ತದೆ. ಕೂಡದಿದ್ದರೆ ಮೊಟ್ಟೆಯಿಲ್ಲ, ಮೊಟ್ಟೆಯಿಲ್ಲದಿದ್ದರೆ ಹುಳವಿಲ್ಲ. ಪರೀಕ್ಷೆಗೆಂದು ನಡುವೆ ಜೋರು ವಾಸನೆಯ ಒಂದು ಅಂಟುಗೂಡು ಇರುತ್ತದೆ. ಅದರಲ್ಲಿ ಸೊನ್ನೆ ಬಂದರೆ ಗೆದ್ದ ಹಾಗೆ, ಪತಂಗ ಬೀಳತೊಡಗಿದರೆ ಸೋತ ಹಾಗೆ.

"ಅಂದ್ರೆ ಎಲ್ಲೆಲ್ಲೂ ಹೆಣ್ಣಿನ ವಾಸನೆ, ಕೈಗೆ ಮಾತ್ರ ಸಿಗಲ್ಲ. ಇದು ನಿನ್ನ ಕಥೆನೇ ಅಲ್ವೇನೋ?" ಎಂದು ಭಾವ ಕೆಮ್ಮುತ್ತಾ ನಕ್ಕರು.

"ಅದಕ್ಕೇ ಭಾವ, ಈ ವಿಷಯದಲ್ಲಿ ನನ್ನಷ್ಟು ಅನುಭವ ಯಾರಿಗೂ ಇಲ್ಲ" ಎಂದ ಇವನು.

ಒಂದು ತೊಡಕಿತ್ತು. ಚಿಕ್ಕ ತೋಟಕ್ಕೆ ಈ ಉಪಾಯ ನಿಲ್ಲುವುದಿಲ್ಲ. ಅಕ್ಕಪಕ್ಕದ ತೋಟದವರೂ ಕಟ್ಟಬೇಕು, ಇಲ್ಲದಿದ್ದರೆ ಅಲ್ಲಿ ಕೂಡಿದ ಹೆಣ್ಣುಗಳು ಇಲ್ಲಿ ಹಾರಿ ಬಂದು ಮೊಟ್ಟೆಯಿಡುತ್ತವೆ. ಇದನ್ನು ಸಂಘದ ತರಬೇತಿಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಹೇಳುತ್ತಿದ್ದವನು ಇವನೇ. ಪಕ್ಕದವರನ್ನು ಕೇಳಿದ. "ಮೊದಲು ನಿಮ್ಮ ಭಾವನ ತೋಟದಲ್ಲಿ ತೋರ್ಸಪ್ಪ" ಎಂದು ನಕ್ಕು ಕಳಿಸಿದರು. ಆದರೂ ಕಟ್ಟಿದ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಭಾವನ ಮೇಲಿನ ಪ್ರೀತಿಯೋ, ಸಂಘದವರಿಗೆ ತೋರಿಸಿಬಿಡುವ ಚಪಲವೋ, ಎರಡನ್ನೂ ಬಿಡಿಸಿ ನೋಡುವ ಗೋಜಿಗೆ ಅವನು ಹೋಗಲಿಲ್ಲ.

ಮೊದಲ ವಾರ ಗೂಡು ತೆಗೆದು ನೋಡಿದ. ಸೊನ್ನೆ. ಮರುವಾರವೂ ಸೊನ್ನೆ. ಅಂಟಿನ ಮೇಲೆ ಒಂದಿಷ್ಟು ಕಂದು ಧೂಳು ಬಿಟ್ಟರೆ ಏನೂ ಇಲ್ಲ. ಅಯ್ಯಪ್ಪಾ, ಆಮೇಲೆ ಅವನನ್ನು ಹಿಡಿಯುವವರಿಲ್ಲ. ಊಟಕ್ಕೆ ಕೂತರೆ ಸೊನ್ನೆ, ಎದ್ದರೆ ಸೊನ್ನೆ. ಶಾಲೆಯಲ್ಲಿ ಗಣಿತದಲ್ಲಿ ಸೊನ್ನೆ ತಂದಾಗ ಬೆನ್ನಿಗೆ ಬಿದ್ದಿತ್ತು, ಈಗ ಅದೇ ಸೊನ್ನೆಗೆ ಭಾವ ಬೆನ್ನು ತಟ್ಟುತ್ತಿದ್ದಾರೆ ಎಂದು ಹಿಗ್ಗಿದ. ಸಂಘದ ಕಾರ್ಯದರ್ಶಿ, ಇವನನ್ನು ಕಂಡರೆ ಮೂಗು ಮುಚ್ಚಿಕೊಳ್ಳುವ ನಾಟಕವಾಡುತ್ತಿದ್ದವನು, ಮೂಗು ಬಿಟ್ಟು ಕೈ ಕುಲುಕಿದ. ಬೆಳೆಗಾರರನ್ನೆಲ್ಲ ಕರೆದುಕೊಂಡು ತೋಟ ನೋಡಲು ಬರುತ್ತೇನೆ ಎಂದ. ವಾಸನೆರಾಯ ಕನ್ನಡಿ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದ. "ನಾನೊಬ್ಬ ಸಾಮಾನ್ಯ ಮನುಷ್ಯ" ಎಂದು ಶುರುಮಾಡುವುದು ಎಂದು ತೀರ್ಮಾನಿಸಿದ. ಹಾಗೆ ಶುರುಮಾಡುವವರು ಯಾರೂ ತಮ್ಮನ್ನು ಸಾಮಾನ್ಯರೆಂದು ತಿಳಿದಿರುವುದಿಲ್ಲ.

ಈ ಸಂಭ್ರಮದಲ್ಲಿ ಭಾವನ ಕೆಮ್ಮು ಹೆಚ್ಚಾದದ್ದು ಅವನ ಕಿವಿಗೆ ಬೀಳಲಿಲ್ಲ ಎಂದಲ್ಲ. ಬಿತ್ತು. "ಗಾಳಿ ಬದಲಾಗಿದೆ ಕಣೋ" ಎಂದರು ಭಾವ. ಅಕ್ಕ ಬೆಳಿಗ್ಗೆಯೇ ಹಣ್ಣು ವಿಂಗಡಿಸುವ ಶೆಡ್ಡಿಗೆ ಕೆಲಸಕ್ಕೆ ಹೋಗಿ ಸಂಜೆ ಬರುವವಳು. ಅವಳೂ ಗಾಳಿಯನ್ನೇ ಬೈದಳು.

ಬೆಳೆಗಾರರು ಬರುವ ದಿನ ಬಂತು. ಅಕ್ಕ ರಜೆ ಹಾಕಿ ಶರಬತ್ತು ಮಾಡುತ್ತಿದ್ದಳು. ವಾಸನೆರಾಯ ಇಸ್ತ್ರಿ ಅಂಗಿ ತೊಟ್ಟು, ಬಂದವರಿಗೆ ಅಂಟಿನ ಹಲಗೆಯನ್ನು ಭೂತಗನ್ನಡಿಯಲ್ಲಿ ತೋರಿಸಿದರೆ ಇನ್ನೂ ಗಂಭೀರವಾಗಿ ಕಾಣುತ್ತದೆಂದು ಗೂಡನ್ನು ಬಿಸಿಲಿಗೆ ತಂದ. ಕನ್ನಡಿ ಹಿಡಿದು ತಾನೊಮ್ಮೆ ನೋಡಿದ.

ಧೂಳು ಧೂಳಾಗಿರಲಿಲ್ಲ. ಪತಂಗದ ರೆಕ್ಕೆಯಿಂದ ಉದುರುವ ಹುಡಿ, ತಾಮ್ರದ ಹೊಳಪಿನದು. ಅಲ್ಲಲ್ಲಿ ಕೂದಲೆಳೆಯಂಥ ಕಾಲುಗಳು ಅಂಟಿಕೊಂಡಿದ್ದವು, ಕಾಲಿನ ಯಜಮಾನರಿಲ್ಲ. ಆ ಅಂಟಿಗೆ ಬಿದ್ದ ಪತಂಗ ಕಾಲು ಬಿಟ್ಟು ತಾನಾಗಿ ಎದ್ದು ಹೋಗುವುದಿಲ್ಲ. ಯಾರೋ ಒಂದೊಂದನ್ನೇ ಎತ್ತಿ ತೆಗೆದಿದ್ದರು. ಹುಡಿ ನೋಡಿ ಪತಂಗದ ಜಾತಿ ಹೇಳುತ್ತೇನೆಂದು ಕೊಚ್ಚಿಕೊಳ್ಳುತ್ತಿದ್ದ ಮಹಾನುಭಾವ ಇಷ್ಟು ವಾರ ಅದನ್ನು ಧೂಳು ಎಂದು ಊದಿ ಮತ್ತೆ ನೇತುಹಾಕಿದ್ದ. ಸೊನ್ನೆ ಬೇಕೆಂದವನ ಕಣ್ಣಿಗೆ ಸೊನ್ನೆಯೇ ಕಂಡಿತ್ತು.

ಅವನು ಮನೆಯ ಹಿಂದಿನ ಕೊಟ್ಟಿಗೆಗೆ ಓಡಿದ. ಮೂಲೆಯಲ್ಲಿ ಔಷಧಿ ಹೊಡೆಯುವ ಯಂತ್ರ. ಅದರ ಕೊಳವೆ ಒದ್ದೆಯಾಗಿತ್ತು. ಪಕ್ಕದ ಹಗ್ಗದ ಮೇಲೆ ಭಾವನ ಟವೆಲ್ ಒಣಗುತ್ತಿತ್ತು.

"ಮುಳ್ಳು ತೆಗೆಯೋ ಚಿಮಟದಲ್ಲಿ ಎತ್ತಿದ್ದು" ಎಂದಿತು ಹಿಂದಿನಿಂದ ದನಿ. ಭಾವ ಬಾಗಿಲಲ್ಲಿ ನಿಂತಿದ್ದರು. "ಕಾಲು ಉಳ್ಕೊಂಡ್ವಾ? ನನ್ನ ಕಣ್ಣಿಗೆ ಕಾಣ್ಲಿಲ್ಲ ಕಣೋ."

"ಯಾಕೆ ಭಾವ? ಯಾಕೆ ಹಿಂಗ್ಮಾಡಿದ್ರಿ?"

"ಮೊದಲ ವಾರನೇ ಬಿದ್ದಿದ್ವು. ಕಾಯಲ್ಲಿ ತೂತೂ ಶುರುವಾಗಿತ್ತು. ಹೇಳೋಣ ಅಂದ್ಕೊಂಡೆ. ಅಷ್ಟ್ರಲ್ಲಿ, ಬಿದ್ರೆ ಸೋತ ಹಾಗೆ ಅಂದಿದ್ಯಲ್ಲ, ಅದು ನೆನಪಾಯ್ತು. ಸಂಘದಲ್ಲಿ ನಿನ್ನ ಹೆಂಗೆ ಆಡ್ಕೋತಾರೆ ಅಂತ ನನಗೆ ಗೊತ್ತಿಲ್ವಾ? ಸೊನ್ನೆ ಅಂತ ಕೂಗ್ಕೊಂಡು ಬಂದ್ಯಲ್ಲ ಅವತ್ತು, ನಿನ್ನ ಮುಖ ನೀನು ನೋಡ್ಕೋಬೇಕಿತ್ತು." ಭಾವ ಉಸಿರಿಗಾಗಿ ನಿಂತರು. "ಅಕ್ಕನೂ ನೀನೂ ಇಲ್ದಾಗ ಒಂಚೂರು ಒಂಚೂರು ಹೊಡೀತಿದ್ದೆ. ಅದೇನ್ ಮಹಾ, ಬಿಡು."

ಭಾವನ ಉಸಿರು ಉಳಿಸುತ್ತೇನೆಂದು ಹೊರಟ ವಾಸನೆರಾಯ, ತನ್ನ ಮರ್ಯಾದೆ ಉಳಿಸಲು ಅದೇ ಉಸಿರನ್ನು ಖರ್ಚು ಮಾಡಿಸಿದ್ದ. ನಾಚಿಕೆಯಿಂದ ಮೈ ಸುಟ್ಟಿತು. ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಗೇಟಿನ ಹತ್ತಿರ ಗಾಡಿಗಳು ನಿಂತ ಸದ್ದು.

"ಹೋಗು ಹೋಗು, ಬಂದ್ರು. ಇವತ್ತೊಂದು ದಿನ ಏನೂ ಮಾತಾಡ್ಬೇಡ. ನನ್ನಾಣೆ" ಎಂದರು ಭಾವ.

ಅವನು ಆಣೆ ಮುರಿದ. ಬೆಳೆಗಾರರು ಮರಗಳ ಕೆಳಗೆ ಅರ್ಧಚಂದ್ರಾಕಾರವಾಗಿ ನಿಂತಿದ್ದರು, ಕಾರ್ಯದರ್ಶಿ ಮುಂದೆ ನಿಂತು ಚಪ್ಪಾಳೆಗೆ ಕೈ ಎತ್ತಿದ್ದ. "ನಾನೊಬ್ಬ ಸಾಮಾನ್ಯ ಮನುಷ್ಯ" ಎಂಬುದು ಬಾಯಿಗೆ ಬಂತು, ಈ ಸಲ ಅದು ಅಪ್ಪಟ ಸತ್ಯವಾಗಿದ್ದರಿಂದ ನುಂಗಿಕೊಂಡ.

"ನನ್ನ ಸೊನ್ನೆ ಸುಳ್ಳು" ಎಂದ. "ಪತಂಗ ಬೀಳ್ತಾ ಇದ್ವು, ಕಾಯಲ್ಲಿ ಹುಳ ಇದೆ. ನಾನು ಆಡ್ಕೊಳ್ಳೋರ ಬಾಯಿಗೆ ಬೀಳಬಾರ್ದು ಅಂತ ನಮ್ಮ ಭಾವ ಪತಂಗ ಎತ್ತಿ ಬಿಸಾಕಿ, ಕದ್ದು ಔಷಧಿ ಹೊಡ್ದಿದ್ದಾರೆ. ಹೊಡೀಬಾರ್ದು ಅಂತ ಡಾಕ್ಟ್ರು ಹೇಳಿದ್ರೂನೂ. ಚಿಕ್ಕ ತೋಟಕ್ಕೆ ಇದೊಂದೇ ನಿಲ್ಲಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಟ್ದೆ. ನಿಮ್ಮ ತೋಟದಲ್ಲಿ ಕೂಡಿದ ಹೆಣ್ಣುಗಳು ಇಲ್ಲಿಗೆ ಬಂದು ಮೊಟ್ಟೆ ಇಟ್ಟಿವೆ."

ಚಪ್ಪಾಳೆಗೆ ಎತ್ತಿದ ಕೈಯನ್ನು ಕಾರ್ಯದರ್ಶಿ ಕೆಳಗಿಳಿಸಿದ. ಆಮೇಲೆ ಪಕ್ಕದ ತೋಟದ ಯಜಮಾನ, "ಹಂಗಾದ್ರೆ ಮದುವೆ ನಮ್ಮಲ್ಲಿ, ಬಾಣಂತನ ನಿಮ್ಮಲ್ಲಿ ಅನ್ನು" ಎಂದ. ಎಲ್ಲರೂ ಹೋ ಎಂದು ನಕ್ಕರು. ಕಾರ್ಯದರ್ಶಿಯ ಕೈ ಮತ್ತೆ ಮೂಗಿಗೆ ಹೋಯಿತು. ನಗು ಅಡಗಿದ ಮೇಲೆ ಆ ಯಜಮಾನ ತಲೆ ಕೆರೆದುಕೊಂಡು, "ಮುಂದಿನ ವರ್ಷ ನಮ್ಮ ಕಡೆನೂ ಕಟ್ಟು, ನೋಡೋಣ" ಎಂದ. ಬೇರೆ ದಿನವಾಗಿದ್ದರೆ ವಾಸನೆರಾಯ ಅವನನ್ನು ತಬ್ಬಿಕೊಳ್ಳುತ್ತಿದ್ದ. ಈಗ ಅವನು ನೋಡುತ್ತಿದ್ದದ್ದು ಅಕ್ಕನನ್ನು.

ಅಕ್ಕ ಶರಬತ್ತಿನ ತಟ್ಟೆ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ಹುಲ್ಲಿನ ಮೇಲಿಟ್ಟಳು. ಬೈಯಲಿಲ್ಲ, ಅಳಲಿಲ್ಲ. ಗಂಡನ ಮುಂಗೈ ಹಿಡಿದು "ನಡೀರಿ ಆಸ್ಪತ್ರೆಗೆ" ಎಂದಳು. ತಮ್ಮನ ಕಡೆ ತಿರುಗಿ, "ನೀನೂ ಬಾ. ಎಣಿಸೋದು ನಿನ್ನ ಕೆಲಸ ಅಲ್ವಾ? ಬಂದು ಎಣಿಸು" ಎಂದಳು. ಅವಳು ಅವನಿಗೆ ಅಂಥ ಮಾತು ಹಿಂದೆಂದೂ ಆಡಿರಲಿಲ್ಲ.

ಡಾಕ್ಟರ ಕೋಣೆಯಲ್ಲಿ ಭಾವನ ಬಾಯಿಗೆ ಒಂದು ಕೊಳವೆ ಕೊಟ್ಟರು. ಶಕ್ತಿಯಿದ್ದಷ್ಟೂ ಊದಬೇಕು, ಎಷ್ಟು ಉಸಿರಿದೆಯೆಂದು ಯಂತ್ರ ಅಂಕಿ ತೋರಿಸುತ್ತದೆ. ಭಾವ ಊದಿದರು. ಮುಖ ಕೆಂಪೇರಿತು, ಕತ್ತಿನ ನರ ಉಬ್ಬಿತು, ಕೆಮ್ಮು ಬಂದು ನಿಲ್ಲಿಸಿದರು. ಇನ್ನೊಮ್ಮೆ ಎಂದರು ಡಾಕ್ಟರು. ಇನ್ನೊಮ್ಮೆ ಊದಿದರು. ಹೋದ ಸಲದ್ದಕ್ಕಿಂತ ಅಂಕಿ ಬಹಳ ಕೆಳಗಿಳಿದಿತ್ತು. ಡಾಕ್ಟರು ಅದನ್ನು ಬರೆದುಕೊಳ್ಳಲು ಪೆನ್ನು ಕೈಗೆತ್ತಿಕೊಂಡರು.

ಭಾವ ಮೇಜಿನ ಮೇಲೆ ಬಾಗಿ, ಯಾರಿಗೂ ಕೇಳಿಸದೆಂದು ತಿಳಿದು, ಡಾಕ್ಟರ ಕಿವಿಯ ಹತ್ತಿರ ಪಿಸುಗುಟ್ಟಿದರು.

"ಡಾಕ್ಟ್ರೇ, ಸ್ವಲ್ಪ ಜಾಸ್ತಿ ಮಾಡಿ ಬರ್ಕೊಳ್ಳಿ. ನಮ್ಮ ಹುಡುಗ ನೋಡ್ತಾ ಇದ್ದಾನೆ. ಪಾಪ, ನೊಂದ್ಕೋತಾನೆ."

"ಬೇಡ ಡಾಕ್ಟ್ರೇ" ಎಂದ ವಾಸನೆರಾಯ. "ಎಷ್ಟಿದ್ಯೋ ಅಷ್ಟೇ ಬರ್ಕೊಳ್ಳಿ." ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಅಳು ಒತ್ತರಿಸಿ ಬಂತು. ಭಾವ ಕೆಮ್ಮುತ್ತಲೇ ಅವನ ಬೆನ್ನು ಸವರಿದರು.