ಮರಳಿಸಿದ ಸರಕು

"ಬೂಟು ಕಾಲಿಗೆ ಹಾಕ್ಕೊಳ್ಳೋಕೆ ಕೊಟ್ಟಿದ್ದು ಕಣೇ, ಮಡಿಲಲ್ಲಿಟ್ಕೊಂಡು ಜೋಗುಳ ಹಾಡೋಕಲ್ಲ. ಏಳು ಮೇಲೆ, ದರಿದ್ರದವಳೇ."

ಮೇಸ್ತ್ರಿ ಕೀತ್ ಬೈದದ್ದು ಉಗ್ನೆಯನ್ನು. ಲಿಥುವೇನಿಯಾದಿಂದ ಬಂದು ಅವಳಿಗಿನ್ನೂ ವಾರ ತುಂಬಿರಲಿಲ್ಲ. ಇಂಗ್ಲೆಂಡಿನ ಲಿಂಕನ್‌ಶೈರಿನ ಈ ಎಲೆಕೋಸಿನ ಹೊಲಗಳಲ್ಲಿ ದುಡಿಯುವ ನಾವೆಲ್ಲ ಆ ಕಡೆಯವರೇ. ಕೀತ್ ಕೊಟ್ಟ ತಗಡಿನ ಗಾಡಿಮನೆಯಲ್ಲಿ ಮಲಗಿ, ಕೀತ್ ಕೊಟ್ಟ ಬೂಟು ತೊಟ್ಟು, ಎರಡರ ದುಡ್ಡನ್ನೂ ಕೂಲಿಯಲ್ಲಿ ಮುರಿಸಿಕೊಳ್ಳುವವರು.

ಉಗ್ನೆ ಬೂಟಿನೊಳಗೆ ಇಣುಕಿ ನನ್ನ ಕಡೆ ತಿರುಗಿದಳು.

"ದಾನಕ್ಕಾ, ಒಳಗೆ ನಿಯೋಲೆ ಅಂತ ಬರ್ದಿದೆ. ಯಾರದು?"

ನಾನು ಕಿಟಕಿಯ ಕೆಳಗಿನ ಹರಿದ ಪೆಟ್ಟಿಗೆಯ ಕಡೆ ನೋಡಿದೆ.

ನಿಯೋಲೆ ಹೋದ ಚಳಿಗಾಲದಲ್ಲಿ ಸತ್ತಳು. ಬೂಟಿನ ಅಂಚು ಬಿಟ್ಟಿದೆ, ನೀರು ಬರುತ್ತೆ, ಬೇರೆ ಕೊಡಿ ಎಂದು ಕೇಳಿ ಕೇಳಿ ಸಾಕಾಗಿದ್ದಳು. ಬೇರೆ ಬೂಟಿಗೆ ಬೇರೆ ದುಡ್ಡು ಅಂದಿದ್ದ ಕೀತ್. ಹಿಮ ಕರಗಿದ ಕೆಸರಲ್ಲಿ ನಿಂತು ನಿಂತು ಎದೆ ಕಟ್ಟಿಕೊಂಡಿತು. ಕೆಮ್ಮಿ ಕೆಮ್ಮಿಯೇ ಹೋದಳು. ಹೆಣ ಊರಿಗೆ ಕಳಿಸುವ ಶಕ್ತಿ ನಮಗಿರಲಿಲ್ಲ, ಇಲ್ಲಿನ ನಗರಸಭೆಯವರೇ ಮಣ್ಣು ಮಾಡಿದರು. ಅವಳ ತಾಯಿ ಬ್ರೋನೆ ಫೋನಿನಲ್ಲಿ ಕೇಳಿದ್ದು ಒಂದೇ.

"ಉಟ್ಟ ಬಟ್ಟೆನಾದ್ರೂ ಕಳ್ಸವ್ವಾ. ಅವರಪ್ಪನ ಪಕ್ಕ ಮಣ್ಣಿಗೆ ಹಾಕೋಕೆ ನಂಗೆ ಏನಾದ್ರೂ ಬೇಕಲ್ಲ."

ಪೆಟ್ಟಿಗೆ ಕಟ್ಟಿದ್ದು ಕೀತ್. ಸಾವಿನ ವಿಚಾರಣೆಗೆ ಬಂದ ಅಧಿಕಾರಿಗಳು ಕೂಲಿಯಲ್ಲಿ ಮುರಿದ ಬೂಟಿನ ಬೆಲೆ ಯಾಕೆ ಇಷ್ಟು ಹೆಚ್ಚು ಎಂದು ಕೇಳಿದ್ದರು. ಬೆಲೆ ನಿಜ ಎಂದು ತೋರಿಸಲು ಆ ಬೂಟನ್ನೂ ಬಟ್ಟೆಯ ಮೇಲಿಟ್ಟು, ಸುಂಕದ ಚೀಟಿಯಲ್ಲಿ ಅದೇ ಬೆಲೆ ಬರೆದು, 'ಮಾರಾಟದ ಸರಕು' ಎಂಬ ಕಡೆ ಗುರುತು ಹಾಕಿದ. ಇಂಗ್ಲೆಂಡು ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ನಮ್ಮ ಊರಿಗೆ ಹೋಗುವ ಗಂಟಿಗೂ ಸುಂಕವಿದೆ. ಅಲ್ಲಿ ಅಂಚೆಯವರು ಮುದುಕಿಯನ್ನು ನಿಲ್ಲಿಸಿಕೊಂಡು ಸುಂಕ ಕಟ್ಟು, ತೆರಿಗೆ ಕಟ್ಟು, ನಮ್ಮ ಖರ್ಚೂ ಕೊಡು ಅಂದರು.

"ನನ್ನ ಮಗಳನ್ನ ಕೊಂದ ಬೂಟಿಗೆ ನಾನು ಸುಂಕ ಕಟ್ಬೇಕಂತೆ ದಾನಾ," ಅಂದಳು ಬ್ರೋನೆ. ಆಮೇಲೆ ಅವಳು ಫೋನು ಮಾಡಲೇ ಇಲ್ಲ.

ಸುಂಕ ಕಟ್ಟದ ಪೆಟ್ಟಿಗೆ ಕಡಲು ದಾಟಿ ವಾಪಸ್ಸು ಬಂತು. ನಮ್ಮ ಗಾಡಿಮನೆಯ ಕಿಟಕಿಯ ಕೆಳಗೆ ಇಟ್ಟುಕೊಂಡೆವು. ಅಂದಿನಿಂದ ಆ ಮೂಲೆಯಲ್ಲಿ ಕೆಮ್ಮು ಕೇಳಿಸುತ್ತದೆ. ಎಲ್ಲರಿಗೂ ಕೇಳಿಸುತ್ತದೆ, ಯಾರೂ ಆಡುವುದಿಲ್ಲ. ಯಾರೋ ಎದ್ದು ಸುಮ್ಮನೆ ನೀರು ತುಂಬಿದ ಲೋಟವನ್ನು ಪೆಟ್ಟಿಗೆಯ ಪಕ್ಕ ಇಡುತ್ತಾರೆ. ಇವತ್ತು ಬೆಳಿಗ್ಗೆ ಕೀತ್ ಒಳಗೆ ನುಗ್ಗಿ, ಪೆಟ್ಟಿಗೆ ಹರಿದು, ಬೂಟು ತೆಗೆದು ಉಗ್ನೆಯ ಮುಂದೆ ಎಸೆದಿದ್ದ.

"ಉಳ್ದಿದ್ದನ್ನ ಸುಟ್ಟಾಕಿ," ಅಂದ. "ಬೂಟಿನ ದುಡ್ಡು ಇವಳ ಲೆಕ್ಕಕ್ಕೆ."

ನಾನು ಆ ಬೂಟು ಕಿತ್ತುಕೊಂಡೆ. ನನ್ನದನ್ನು ಉಗ್ನೆಗೆ ಕೊಟ್ಟು, ಬಟ್ಟೆಯ ಚಪ್ಪಲಿಯಲ್ಲೇ ಪೆಟ್ಟಿಗೆ ಹೊತ್ತು ಹೊರಟೆ.

"ಎಲ್ಲಿಗೇ? ಇವತ್ತಿನ ಕೂಲಿ ಇಲ್ಲ ನಿಂಗೆ."

"ಇಟ್ಕೊಂಡು ಸಾಯಿ, ಬೋಳಿಮಗನೆ," ಅಂದೆ, ನಮ್ಮ ಭಾಷೆಯಲ್ಲಿ. ಅರ್ಥವಾದಂತಿತ್ತು.

ಅಂಚೆ ಕಚೇರಿಯ ಹಿಲ್ಡಾ ಹಳೆಯ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದಳು.

"ಮಾರಾಟ ಅಂತ ಹಾಕಿದ್ದಾರೆ. ಸುಂಕ ಕೇಳ್ದೆ ಬಿಡ್ತಾರಾ? ಮಾರ್ತಿದ್ದೀಯಾ ಏನಮ್ಮ?"

"ಸತ್ತವಳ ಬಟ್ಟೆ ಯಾರಾದ್ರೂ ಮಾರ್ತಾರಾ?"

"ಹಾಗಾದ್ರೆ ಉಡುಗೊರೆನಾ?"

ನಾನು ತಲೆಯಾಡಿಸಿದೆ, ಅಲ್ಲವೆಂದು. ಹಿಲ್ಡಾ ಬೆರಳು ಕೆಳಗಿಳಿಸಿದಳು.

"ಮರಳಿಸಿದ ಸರಕು ಅಂತ ಒಂದಿದೆ. ಆ ದೇಶದಿಂದ ಬಂದಿದ್ದು ಆ ದೇಶಕ್ಕೇ ಹೋಗೋದು. ಅದಾದ್ರೆ ಸುಂಕ ಬಿಡ್ತಾರೆ. ಆದ್ರೆ ಎಲ್ಲಾ ಅಲ್ಲಿಂದಲೇ ಬಂದಿರ್ಬೇಕು."

ಒಂದೊಂದೇ ಹೊರಗೆ ತೆಗೆದೆ. ತಾಯಿ ಹೆಣೆದ ಬೂದು ಸ್ವೆಟರು. ತಲೆವಸ್ತ್ರ. ಇಲ್ಲಿನ ಕೆಸರು ಒಣಗಿ ಗಟ್ಟಿಯಾದ ಉಣ್ಣೆಯ ಕಾಲುಚೀಲ.

"ಬೂಟು?" ನನ್ನ ಕಂಕುಳಲ್ಲಿದ್ದದ್ದನ್ನು ನೋಡಿ ಕೇಳಿದಳು.

"ಇದು ಇಲ್ಲಿಯದು."

"ಬೆಲೆ ಎಷ್ಟಂತ ಬರೀಲಿ? ಸೊನ್ನೆ ಅಂದ್ರೆ ಈ ಯಂತ್ರ ಒಪ್ಪಲ್ಲ."

ಸ್ವೆಟರಿನ ತೋಳು ಇನ್ನೂ ನನ್ನ ಕೈಯಲ್ಲಿತ್ತು. ಅಳು ಬಂತು. ಹಿಲ್ಡಾ ತಾನೇ ಏನೋ ಒತ್ತಿ, ಪೆಟ್ಟಿಗೆ ಒಳಗೆ ಎಳೆದುಕೊಂಡಳು.

ವಾಪಸ್ಸು ಬರುವಾಗ ಕಾಲುವೆಯಲ್ಲಿ ಬೂಟೆರಡನ್ನೂ ಮುಳುಗಿಸಿ ಬಾಯಿತನಕ ನೀರು ತುಂಬಿಸಿಕೊಂಡೆ. ನನ್ನನ್ನು ಕಂಡು ಹೊಲದಲ್ಲಿದ್ದ ಹೆಂಗಸರು ಕೋಸು ಕೊಯ್ಯುವ ಚಾಕು ಕೆಳಗಿಟ್ಟು ಹಿಂದೆ ಬಂದರು, ಉಗ್ನೆಯೂ ಬಂದಳು. ಕೀತ್ ತನ್ನ ಕೋಣೆಯಲ್ಲಿ ಬೂಟು ಬಿಚ್ಚಿ, ಉಣ್ಣೆಯ ಕಾಲುಚೀಲದಲ್ಲಿ ಹೀಟರಿನ ಮುಂದೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದ. ಬೂಟೆರಡನ್ನೂ ಅವನ ಮೇಜಿನ ಮೇಲಿಟ್ಟೆ.

"ಮಾರಾಟದ ಸರಕು," ಅಂದೆ. "ನೀನು ಮಾರಿದ್ದು. ತಗೋ."

ಬಿಟ್ಟಿದ್ದ ಅಂಚಿನಿಂದ ನೀರು ಒಸರತೊಡಗಿತು. ಅವನ ಕಾಗದಗಳ ಕೆಳಗೆ ಹರಿಯಿತು.

"ಯಾವಳೇ ಒರೆಸೋಳು ಇದನ್ನ?" ಎಂದು ಕಿರುಚಿದ. "ಮುಂಡೇವಾ, ಯಾರೇ ಒರೆಸೋರು?"

ನಾವು ಅಲುಗಲಿಲ್ಲ. ನೀರು ಮೇಜಿನ ತುದಿಗೆ ಬಂದು ಅವನ ಕಾಲಿನ ಮೇಲೆ ತೊಟ್ಟಿಕ್ಕಿತು. ಚಳಿಯಾಯಿತೇನೋ, ಕೀತ್ ಕಾಲು ಮೇಲಕ್ಕೆಳೆದುಕೊಂಡ.