ಸಲಾಹಿಯ ಮೂಲೆ

ಸಾಮ್ರಾಜ್ಯಗಳು ಉರುಳಿದ್ದನ್ನು, ಕೋಟೆಗಳು ಕೈ ಬದಲಾಯಿಸಿದ್ದನ್ನು ಬರೆದಿಡುವವರು ಬೇಕಾದಷ್ಟು ಜನ ಇದ್ದಾರೆ. ಸೈಪ್ರಸ್ಸಿನ ಮಾಗುಸಾ ಕೋಟೆಯೊಳಗಿನ ಹಳೇ ಮಸೀದಿಯಲ್ಲಿ ಸಲಾಹಿ ಕೂರುವ ಮೂಲೆಗೆ ಒದಗಿದ ಗಂಡಾಂತರವನ್ನು ಮಾತ್ರ ಯಾರೂ ಬರೆದಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗಿದೆ.

ಆ ಮಸೀದಿ ಮೊದಲು ಇಗರ್ಜಿಯಾಗಿತ್ತು. ಕಟ್ಟಿದವರು ಪೂರ್ವಕ್ಕೆ ಮುಖ ಮಾಡಿ ಕಟ್ಟಿದರು. ಆಮೇಲೆ ಬಂದವರಿಗೆ ಮೆಕ್ಕಾ ಬೇಕಿತ್ತು, ಅದು ದಕ್ಷಿಣಕ್ಕಿಂತ ಕೊಂಚ ಪೂರ್ವಕ್ಕಿತ್ತು. ಕಲ್ಲಿನ ಕಟ್ಟಡ ಜಗ್ಗಲಿಲ್ಲ, ಜಮಖಾನೆ ಜಗ್ಗಿತು. ಅಂದಿನಿಂದ ನಮಾಜಿನ ಸಾಲುಗಳು ಗೋಡೆಗೆ ಓರೆಯಾಗಿ ಹಾದು, ಮೂಲೆಗಳಲ್ಲಿ ಒಂದೊಂದು ಮುಕ್ಕೋನದ ಜಾಗ ಉಳಿಸಿದ್ದವು. ಅಂಥದ್ದೊಂದರಲ್ಲಿ ಒಬ್ಬನಿಗಷ್ಟೇ ಜಾಗ. ಆ ಒಬ್ಬ ಸಲಾಹಿ, ಅವನಿಗೆ ಮೊದಲು ಅವನಪ್ಪ. ಪಕ್ಕದಲ್ಲಿ ಕಂಬ, ಕಿಟಕಿಯಾಚೆ ಕಾಫಿ ಅಂಗಡಿ. ಅಲ್ಲಿ ಪಗಡೆಯ ಮುಂದಿನ ತನ್ನ ಕುರ್ಚಿಯನ್ನು ಯಾರು ಆಕ್ರಮಿಸಿದರು ಎಂಬುದು ಕೂತಲ್ಲೇ ಗೊತ್ತಾಗುತ್ತಿತ್ತು. ಮಂಡಿ ಕೈಕೊಟ್ಟ ಮೇಲಂತೂ ಕಂಬ ಹಿಡಿಯದೆ ಅವನಿಗೆ ಏಳಲಾಗುತ್ತಿರಲಿಲ್ಲ. ಕಂಬ ತಪ್ಪಿದರೆ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯೇ ಗತಿ. ಅದರಲ್ಲಿ ಕೂತವರು ಯಾರೂ ಮುಂದಿನ ಹಬ್ಬ ನೋಡಿರಲಿಲ್ಲ. ಸಲಾಹಿ ಇದನ್ನು ಕಾಕತಾಳೀಯ ಅಂದುಕೊಂಡಿರಲಿಲ್ಲ.

ಹೀಗಿರುವಾಗ ಯಾರೋ ಪುಣ್ಯಾತ್ಮರು ಹೊಸ ಜಮಖಾನೆ ದಾನ ಕೊಟ್ಟರು. ಇಡೀ ಮಸೀದಿಗೆ ಒಂದೇ ಹಾಸು, ಮುಖ ಮಾಡಬೇಕಾದ ದಿಕ್ಕು ತೋರಿಸಲು ತಲೆಗೊಂದರಂತೆ ನೇಯ್ದ ಕಮಾನುಗಳು. ಹಾಸಲು ಬಂದವನು ನಿದಾಯ್, ಮದುವೆ ಮಂಟಪಗಳಿಗೆ ಹಾಸಿ ಹೆಸರು ಮಾಡಿದವನು. ಗೋಡೆಯಿಂದ ಗೋಡೆಗೆ, ಬೆರಳು ತೂರದ ಹಾಗೆ ನೆಟ್ಟಗೆ ಹಾಸಿ ಹೋದ.

ಶುಕ್ರವಾರ ಇಮಾಮ್ ಬೆಕೀರ್ ಎಂದಿನಂತೆ ಓರೆಯಾಗಿ ನಿಂತರು. ಜನರಲ್ಲಿ ಅರ್ಧ ಇಮಾಮರನ್ನು ನಂಬಿತು, ಅರ್ಧ ಜಮಖಾನೆಯನ್ನು. ನೆಲಕ್ಕೆ ಬಾಗುವಾಗ ಮೀನಿನಂಗಡಿ ರೈಫನ ತಲೆ ಸಲಾಹಿಯ ಪಕ್ಕೆಲುಬಿಗೆ ಬಡಿಯಿತು. ಅದಕ್ಕಿಂತ ಘೋರವೆಂದರೆ, ಕಂಬದ ಪಕ್ಕ ಈಗ ಪೂರ್ತಿ ಒಂದು ಕಮಾನು ಬಂದಿತ್ತು, ಅದರಲ್ಲಿ ರೈಫ್ ನಿಂತಿದ್ದ.

ನಮಾಜು ಮುಗಿದದ್ದೇ ತಡ, ಸಲಾಹಿ ಅಂದ, "ಇದು ನನ್ನ ಜಾಗ ಕಣಯ್ಯ."

"ತಲೆಗೊಂದು ಕಮಾನು ಮಾರಾಯ. ನಿನ್ನ ಹೆಸರು ಎಲ್ಲಿ ನೇಯ್ದಿದಾರೆ, ತೋರ್ಸು."

"ಕಂಬ ಯಾಕೆ ಹಿಡ್ಕೊಂಡಿದ್ದೆ? ನಿನ್ನ ಮಂಡಿಗೇನಾಗಿದೆ?"

"ಏನೂ ಆಗಿಲ್ಲ. ಸಿಕ್ತು, ಹಿಡ್ಕೊಂಡೆ."

ಕಾಫಿ ಅಂಗಡಿಯಲ್ಲಿ ಸಭೆ ಸೇರಿತು. ನಿದಾಯನನ್ನು ಕರೆಸಿದರು.

"ಟೇಪ್ ಸುಳ್ಳು ಹೇಳುತ್ತಾ?" ಎಂದ ನಿದಾಯ್. "ನಾನು ನೆಟ್ಟಗೇ ಹಾಸಿದೀನಿ. ನಿಮ್ಮ ಇಮಾಮ್ರೇ ಓರೆ ನಿಂತ್ಕೊಂಡ್ರೆ ನಾನೇನ್ ಮಾಡ್ಲಿ?"

"ಕಟ್ಟಡಾನೇ ಒಂಚೂರು ತಿರುಗಿಸಿಬಿಡೋಣ," ಎಂದ ರೈಫ್. "ಇಗರ್ಜಿ ಇದ್ದದ್ದು ಮಸೀದಿ ಆಯ್ತು. ಅದಕ್ಕೆ ಹೋಲಿಸಿದ್ರೆ ಇದೇನ್ ಮಹಾ?"

ಅವನು ತಮಾಷೆಗೆ ಅಂದದ್ದು. ಆದರೆ ಪುರಾತತ್ವ ಇಲಾಖೆಯ ಒಪ್ಪಿಗೆ ಬೇಕಾಗುತ್ತದಲ್ಲ ಎಂದು ಒಬ್ಬರು ಚಿಂತೆಗೆ ಬಿದ್ದರು. ಅರ್ಜಿ ಹಾಕುವುದು ಬೇಡ, ಅವರು ಒಪ್ಪಿಬಿಟ್ಟರೆ ಕಷ್ಟ ಎಂದು ಇಮಾಮರು ತಡೆದರು.

ಸಲಾಹಿ ಬಟ್ಟಲು ಕೆಳಗಿಟ್ಟ. "ಜಮಖಾನೆ ತಿರುಗ್ಸು."

"ತಿರುಗ್ಸಿದ್ರೆ ಅದರ ಮೂಲೆಗಳು ಗೋಡೆ ಹತ್ತುತ್ವೆ ಮಾವ," ಎಂದ ನಿದಾಯ್.

"ಹತ್ತಿದ್ದನ್ನ ಕತ್ತರ್ಸು."

"ಮಸೀದಿ ಮೂಲೆಗಳು ಬರೀ ನೆಲ ಆಗ್ತವಲ್ಲ?"

"ಕತ್ತರ್ಸಿದ್ದನ್ನ ಅಲ್ಲಿ ಹಾಕು."

"ಒಂದು ಮೂಲೆ ಉಳಿಸ್ಕೊಳ್ಳೋಕೆ ಇಡೀ ಮಸೀದಿ ತಿರುಗಿಸ್ತಾ ಇದೀಯಲ್ಲ," ಎಂದ ರೈಫ್.

"ಮಸೀದಿ ತಿರುಗ್ಸು ಅಂದೋನು ನೀನು. ನಾನು ಜಮಖಾನೆ ಅಂದೆ."

ನಿದಾಯ್ ಗೊಣಗುತ್ತಲೇ ಕತ್ತರಿ ಹಿಡಿದ. ಸಾಲುಗಳು ಮತ್ತೆ ಓರೆಯಾದವು, ಜನ ಮತ್ತೆ ಒಂದೇ ಕಡೆ ಬಾಗಿದರು. ಕಂಬದ ಬುಡದಲ್ಲಿ ಒಬ್ಬನಿಗೆ ಸಾಕಾಗುವ ಮುಕ್ಕೋನ ಮೊದಲಿನಂತೆ ಮೂಡಿತು. ಅದಕ್ಕೆ ಒಪ್ಪುವ ತುಂಡೊಂದು ಸಿಕ್ಕಿತಾದರೂ ಅದು ಕೂರುತ್ತಿದ್ದುದು ಒಂದೇ ರೀತಿಯಲ್ಲಿ. ಹಾಗೆ ಕೂರಿಸಿದರೆ ಅದರ ಕಮಾನು ಕಿಟಕಿಯ ಕಡೆ ತಿರುಗುತ್ತಿತ್ತು.

"ನಿನ್ನ ಕಮಾನು ಕಾಫಿ ಅಂಗಡಿ ತೋರಿಸ್ತಿದೆ," ಎಂದು ರೈಫ್ ಎಲ್ಲರಿಗೂ ಕೇಳಿಸುವಂತೆ ಹೇಳಿದ.

ಇಮಾಮರು ಬಂದು ನೋಡಿದರು, ಗಡ್ಡ ನೀವಿಕೊಂಡರು. "ಮನುಷ್ಯ ಸರಿಯಾಗಿ ತಿರುಗಿದ್ರೆ ಸಾಕು," ಅಂದರು.

ಸಲಾಹಿ ಕಂಬ ಹಿಡಿದು ಮೆಕ್ಕಾ ಕಡೆಗೆ ನಿಲ್ಲುತ್ತಾನೆ, ಕಮಾನು ಕಾಫಿ ಅಂಗಡಿಯ ಕಡೆಗಿದೆ. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿ ಖಾಲಿ ಇದೆ.